ಮಾಗಿಯ ಮುಯ್ಯಿ

ಮಾರ್ಗಶಿರ ಕಾಲಿಟ್ಟು ಬೆಳಗಿನ ಹೊತ್ತು ಬಾಯಿಂದ ಹೊಗೆಯಾಡತೊಡಗಿತೆಂದರೆ ನಮ್ಮ ವಾರದ ಪುರವಣಿಗಳಲ್ಲಿ ಚಳಿಯನ್ನು ಕುರಿತ ಲಲಿತ ಪ್ರಬಂಧಗಳು ಕಾಣಿಸಿಕೊಳ್ಳುತ್ತವೆ. ಇದು ಪ್ರತಿವರ್ಷದ ಸಂಗತಿ, ಅವರೆಕಾಯಿಯಷ್ಟೇ ನಿಯತ. ಕಂಬಳಿ, ಬಿಸಿ ಕಾಫಿ, ಸ್ನಾನಕ್ಕೆ ಹಿಂಜರಿಯುವ ಗಂಡ, ಗದರಿಸುವ ಹೆಂಡತಿ, ಪಕ್ಕದ ಮನೆಯ ನಿವೃತ್ತ ಅಧಿಕಾರಿಗಳ ಮಂಕಿಟೋಪಿ. ಸಾಮಗ್ರಿಯೆಲ್ಲ ಸಿದ್ಧವಾಗಿಯೇ ಇರುತ್ತದೆ. ಓದುವಾಗ ಹಿತವೆನಿಸುತ್ತವೆ, ಸುಳ್ಳಲ್ಲ. ಓದಿ ಮುಗಿಸಿದ ಮೇಲೆ ಏನನ್ನು ಓದಿದಿರಿ ಎಂದು ಯಾರಾದರೂ ಕೇಳಿದರೆ ಮಾತ್ರ ಉತ್ತರ ಹೊಳೆಯುವುದಿಲ್ಲ. ಈಚೆಗೆ ಇವುಗಳಲ್ಲಿ ಮತ್ತೊಂದು ಚಾಳಿಯೂ ಸೇರಿಕೊಂಡಿದೆ. ಕೊನೆಯ ಪ್ಯಾರಾಕ್ಕೆ ಬರುತ್ತಲೇ ಲೇಖಕರು ಎದ್ದುನಿಂತು ಕೈಜೋಡಿಸಿ, ಹಾಲಿನವನಿಗೆ, ಪತ್ರಿಕೆ ಹಾಕುವ ಹುಡುಗನಿಗೆ, ನೆರೆಮನೆಯವರಿಗೆ, ಒಟ್ಟಾರೆ ಬದುಕಿಗೇ ಧನ್ಯವಾದ ಅರ್ಪಿಸಿಬಿಡುತ್ತಾರೆ. ಕಾಲೇಜು ವಾರ್ಷಿಕೋತ್ಸವದ ವಂದನಾರ್ಪಣೆ ದಾರಿ ತಪ್ಪಿ ಪ್ರಬಂಧದೊಳಕ್ಕೆ ಬಂದು ಕುಳಿತಂತಿದೆ.

ಚಳಿ, ನಗೆ, ನೆರೆಹೊರೆ, ಉಪಕಾರಸ್ಮರಣೆ, ಈ ನಾಲ್ಕಕ್ಕೂ ಒಳಗೊಳಗೇ ಒಂದು ನಂಟಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ನಂಟು ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲದಲ್ಲಿ ಯಾವ ರೂಪದಲ್ಲಿದೆ, ಅದನ್ನು ನಮ್ಮ ಬರಹಗಾರರಲ್ಲಿ ಯಾರು ಕಣ್ಣಿಟ್ಟು ನೋಡಿದ್ದಾರೆ ಎಂಬುದು ವಿಚಾರ ಮಾಡತಕ್ಕ ವಿಷಯ. ಏಕೆಂದರೆ ಈ ಪ್ರಬಂಧಗಳಲ್ಲಿ ಒಂದೆರಡು ಮಂಡ್ಯದ ಗದ್ದೆಬಯಲಿನ ಮೇಲೆ ‘ಹಿಮದ ಹೊದಿಕೆ’ಯನ್ನೇ ಹೊದಿಸಿದ್ದನ್ನು ನಾನು ಓದಿದ್ದೇನೆ.

ಈ ಹಿಮ ನಮ್ಮಲ್ಲಿಗೆ ಎರಡು ದಾರಿಯಿಂದ ಬಂತು. ಒಂದು ಸಂಸ್ಕೃತದ ದಾರಿ. ಮಹಾಕಾವ್ಯವೆಂದಮೇಲೆ ಅಷ್ಟಾದಶ ವರ್ಣನೆಗಳಿರಬೇಕು, ಅವುಗಳಲ್ಲಿ ಋತುವರ್ಣನೆ ಇರಲೇಬೇಕು. ಕಾಳಿದಾಸನ ಋತುಸಂಹಾರ ಗ್ರೀಷ್ಮದಿಂದ ಹೊರಟು ವಸಂತದಲ್ಲಿ ಮುಗಿಯುವ ಆರು ಸರ್ಗಗಳ ಕಾವ್ಯ. ಹೇಮಂತಕ್ಕೂ ಶಿಶಿರಕ್ಕೂ ಅಲ್ಲಿ ಒಂದೊಂದು ಸರ್ಗ ಮೀಸಲು. ಹಿಮ ತಾಗಿ ತಾವರೆ ಸೀದುಹೋಗುವುದು ಆ ಸಂಪ್ರದಾಯದ ಕವಿಗಳಿಗೆ ಪ್ರಿಯವಾದ ಮಾತು. ಉತ್ತರದಲ್ಲಿ ಅದು ಕಂಡದ್ದಿರಬಹುದು. ನಮ್ಮ ಕೆರೆಗಳ ತಾವರೆ ಹೂಳಿನಿಂದ ಕೆಟ್ಟಿದೆ, ಕಳೆಯಿಂದ ಕೆಟ್ಟಿದೆ. ಮಾಗಿಯ ಚಳಿಯಿಂದ ಸೀದದ್ದನ್ನು ಮದ್ದೂರಿನ ಕೆರೆ ಏರಿಯ ಮೇಲೆ ನಡೆದಾಡುವ ಯಾರೂ ಕಂಡಿರಲಾರರು. ಕನ್ನಡಕ್ಕೆ ಮಂಜು ಉಂಟು, ಇಬ್ಬನಿ ಉಂಟು, ಆಲಿಕಲ್ಲು ಉಂಟು. ಹತ್ತಿ ಅರಳೆಯಂತೆ ಆಕಾಶದಿಂದ ಉದುರಿ ದಾರಿಯನ್ನು ಮುಚ್ಚುವ ವಸ್ತುವಿಗೆ ಸ್ವಂತದ ಹೆಸರೊಂದನ್ನು ಈ ಸೀಮೆಯ ಒಕ್ಕಲಿಗ ಮಾಡಿಕೊಳ್ಳಲಿಲ್ಲ. ಅದರ ಅಗತ್ಯ ಅವನಿಗೆ ಬೀಳಲಿಲ್ಲ.

ಎರಡನೆಯ ದಾರಿ ಇಂಗ್ಲಿಷಿನದು. ನಮ್ಮ ಲಲಿತ ಪ್ರಬಂಧಕ್ಕೆ ಹೆಚ್ಚು ಹತ್ತಿರದ್ದೂ ಅದೇ. ಹಿಮ ಬಿದ್ದ ಸಣ್ಣ ಊರು, ಒಲೆಯ ಸುತ್ತ ಕುಳಿತ ಸಂಸಾರ, ಬಾಗಿಲ ಮುಂದಿನ ಹಿಮವನ್ನು ತೋಡಿ ಕೊಡುವ ನೆರೆಯವನು: ಈ ಚಿತ್ರಕ್ಕೆ ಒಂದು ಮೂಲಪ್ರತಿಯನ್ನು ಹುಡುಕುವುದಾದರೆ ಅಮೆರಿಕದ ಕವಿ ಜಾನ್ ಗ್ರೀನ್‌ಲೀಫ್ ವಿಟ್ಟಿಯರ್ 1866ರಲ್ಲಿ ಪ್ರಕಟಿಸಿದ ‘ಸ್ನೋ-ಬೌಂಡ್’ ಎಂಬ ನೀಳ್ಗವನವನ್ನು ಹೆಸರಿಸಬಹುದು. ಮ್ಯಾಸಚೂಸೆಟ್ಸಿನ ಹೇವರಿಲ್ ಎಂಬಲ್ಲಿದ್ದ ತನ್ನ ಹುಟ್ಟುಮನೆಯನ್ನು ಕವಿ ಅದರಲ್ಲಿ ನೆನೆಯುತ್ತಾನೆ. ಹಿಮಪಾತವಾಗಿ ಮನೆ ಮುಚ್ಚಿಹೋಗಿದೆ. ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಮದುವೆಯಾಗದೆ ಉಳಿದ ತಾಯಿಯ ಸೋದರಿ, ಪುಸ್ತಕ ಓದದಿದ್ದರೂ ಹೊಲಕಾಡುಗಳನ್ನು ಬಲ್ಲ ಚಿಕ್ಕಪ್ಪ, ಮನೆಯಲ್ಲಿ ತಂಗಿದ್ದ ಶಾಲೆಯ ಮೇಷ್ಟರು, ಇವರೆಲ್ಲ ಒಲೆಯ ಸುತ್ತ ಕುಳಿತು ಕತೆ ಹೇಳುತ್ತಾರೆ. ಬರೆಯುವ ಹೊತ್ತಿಗೆ ಅವರಲ್ಲಿ ಬಹುಮಂದಿ ತೀರಿಹೋಗಿದ್ದರು. ತಾಯಿ 1857ರಲ್ಲಿ, ಪ್ರೀತಿಯ ತಂಗಿ 1864ರಲ್ಲಿ.

ಈ ಕವನವನ್ನು ಬೆಚ್ಚನೆಯ ಒಲೆಯ ಕವನವೆಂದು ಸಂಕಲನಗಳು ಹೊಗಳಿವೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಒಲೆಯಲ್ಲ, ಒಲೆಯಿಂದ ಎದ್ದು ಹೊರಗೆ ಹೋಗುವ ಎರಡು ಪ್ರಸಂಗಗಳು. ದಾರಿ ಬಿಡಿಸುವುದಕ್ಕೆ ಊರಿನ ಗಾಡಿಯವರು ಎತ್ತುಗಳನ್ನು ಹೂಡಿಕೊಂಡು ಬರುತ್ತಾರೆ. ಹಿಮದಲ್ಲಿ ಅರ್ಧ ಹೂತುಕೊಂಡೇ ಎತ್ತುಗಳು ನಡೆಯುತ್ತವೆ. ಒಂದೊಂದು ಮನೆಯ ಮುಂದೆ ನಿಂತಾಗಲೂ ಆ ಮನೆಯ ಜೋಡಿ ಸೇರಿಕೊಳ್ಳುತ್ತದೆ. ಹಿರಿಯರ ನಡುವೆ ಸೇಬಿನ ಮದ್ಯದ ಪಾತ್ರೆಯೂ ಹಾಸ್ಯದ ಮಾತೂ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಹೋಗುತ್ತವೆ. ಯಾರೂ ಯಾರಿಗೂ ಧನ್ಯವಾದ ಹೇಳುವುದಿಲ್ಲ. ತನ್ನ ಎತ್ತನ್ನು ಕೊಟ್ಟವನ ಬಾಗಿಲಿಗೆ ದಾರಿ ಬಿದ್ದಿದೆ, ಅಷ್ಟೆ. ಅದಾದ ಮೇಲೆ ಊರಿನ ಮುದಿ ವೈದ್ಯ ಬಂದು, ಯಾರೋ ಬಡವರ ಮನೆಯಲ್ಲಿ ರೋಗಿಯ ಆರೈಕೆಗೆ ಇಂದು ರಾತ್ರಿ ನಿಮ್ಮ ತಾಯಿ ಬರಬೇಕು ಎನ್ನುತ್ತಾನೆ. ವೈದ್ಯನ ಮತ ಒಂದು, ಕ್ವೇಕರ್ ಪಂಥದ ಆ ತಾಯಿಯ ಮತ ಇನ್ನೊಂದು. ನರಳುವವನಿಗೆ ಅದರಿಂದೇನು ಎಂದು ಕವಿ ಕೇಳುತ್ತಾನೆ. ವಿಟ್ಟಿಯರ್ ತನ್ನ ಜೀವಮಾನದ ಒಳ್ಳೆಯ ವರ್ಷಗಳನ್ನೆಲ್ಲ ಗುಲಾಮಗಿರಿಯ ವಿರುದ್ಧದ ಹೋರಾಟಕ್ಕೆ ಕೊಟ್ಟವನು. ಒಲೆಯ ಬಳಿಯ ಆ ಬಡ ಮೇಷ್ಟರನ್ನು ವರ್ಣಿಸುವಾಗಲೂ, ಬಿಡುಗಡೆ ಹೊಂದಿದವರಿಗೆ ಅಕ್ಷರ ಕಲಿಸಲು ಇಂಥವರೇ ಹೊರಡಬೇಕೆಂದು ಅವನಿಗೆ ನೆನಪಾಗುತ್ತದೆ. ಆ ಬೆಂಕಿಗೆ ಹೊರಗಿನ ಕತ್ತಲೆಯ ಅರಿವಿದೆ. ನಮ್ಮ ಪ್ರಬಂಧಕಾರರು ವಿಟ್ಟಿಯರನ ಮನೆತನದವರಿಂದ ಎರವಲು ತಂದದ್ದು ಕಂಬಳಿಯನ್ನು ಮಾತ್ರ. ಎತ್ತುಗಳನ್ನು ಅಲ್ಲೇ ಬಿಟ್ಟು ಬಂದರು.

ಈಗ ಮಂಡ್ಯಕ್ಕೆ ಬರೋಣ. ಇಲ್ಲಿ ಪುಷ್ಯದ ರಾತ್ರಿ ಉಷ್ಣತೆ 15–16 ಡಿಗ್ರಿಗೆ ಇಳಿದರೆ ‘ಏನು ಚಳಿ ಸ್ವಾಮಿ’ ಎನ್ನುತ್ತೇವೆ. ಹಿಮದ ದೇಶದವರು ಕೇಳಿದರೆ ನಕ್ಕಾರು. ನಾಲೆಯ ಮೇಲೆ, ಕಬ್ಬಿನ ಗದ್ದೆಗಳ ಮೇಲೆ ಮಂಜು ಕವಿದು, ಮಳವಳ್ಳಿಯ ಕಡೆಯ ಮೊದಲ ಬಸ್ಸು ದೀಪ ಹಾಕಿಕೊಂಡೇ ಬರಬಹುದು. ಎಂಟು ಗಂಟೆಗೆ ಬಿಸಿಲು ಬಿದ್ದಿರುತ್ತದೆ. ನಮ್ಮ ಚಳಿ ಯಾರ ಬಾಗಿಲನ್ನೂ ಮುಚ್ಚುವುದಿಲ್ಲ. ಮುಖ್ಯವಾದ ವ್ಯತ್ಯಾಸ ಇಲ್ಲಿದೆ. ಅಲ್ಲಿ ಚಳಿಗಾಲವೆಂದರೆ ಕೆಲಸ ನಿಂತ ಕಾಲ; ಇಲ್ಲಿ ಮಾಗಿಯೆಂದರೆ ಕೆಲಸ ತುಂಬಿದ ಕಾಲ. ಬತ್ತ ಕೊಯ್ಯಬೇಕು, ರಾಗಿ ಬಡಿಯಬೇಕು, ಕಬ್ಬು ಕಡಿಯಬೇಕು, ಹುರುಳಿ ಅವರೆಗಳು ಮನೆಗೆ ಬರಬೇಕು. ಅಲ್ಲಿಯ ಬೆಂಕಿ ನಾಲ್ಕು ಗೋಡೆಗಳ ಒಳಗೆ ಉರಿಯುವ ಬೆಂಕಿ. ಇಲ್ಲಿಯದು ಕಣದಲ್ಲಿ, ಜಗಲಿಯ ಮುಂದೆ, ಆಲೆಮನೆಯಲ್ಲಿ, ಬೀದಿಯವರೆಲ್ಲ ಕಾಣುವಂತೆ ಉರಿಯುತ್ತದೆ. ಒಳಗಿನ ಒಲೆಯ ಪಕ್ಕದಲ್ಲಿ ಯಾರು ಕೂರಬೇಕೆಂಬುದು ಮನೆಯವರ ಮಾತು. ಬೀದಿಯ ಬೆಂಕಿಯ ಪಕ್ಕದಲ್ಲಿ ಯಾರು ಕೂರಬಹುದು, ಯಾರು ನಿಂತಿರಬೇಕು ಎಂಬುದು ಊರಿನ ಮಾತು.

ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದಮೇಲೆ, 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಮಂಡ್ಯದಲ್ಲಿ ತಲೆಯೆತ್ತಿದ ಮೇಲೆ, ಈ ಸೀಮೆ ಕಬ್ಬಿನ ಸೀಮೆಯಾಯಿತೆಂಬುದು ಎಲ್ಲರಿಗೂ ಗೊತ್ತಿದೆ. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಹೋಗುತ್ತದೆ. ಗಾಣ ತಿರುಗಿ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಹಿಂಡಿದ ಕಬ್ಬಿನ ಒಣಸಿಪ್ಪೆಯೇ ಉರಿಗೆ ಸೌದೆ. ಕೊಪ್ಪರಿಗೆಯ ಮೇಲೆ ಏಳುವ ಕೊಳೆನೊರೆಯನ್ನು ತೆಗೆದು ತೆಗೆದು ಹದ ನೋಡಿ ಪಾಕವನ್ನು ಅಚ್ಚಿಗೆ ಸುರಿಯುತ್ತಾರೆ. ಹದ ತಪ್ಪಿದರೆ ಅಷ್ಟು ಹೊತ್ತಿನ ದುಡಿಮೆ ಮಣ್ಣುಪಾಲು. ಆಲೆಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ನಡೆದು ಬಂದ ಪದ್ಧತಿ. ದಾರಿಹೋಕನಿಗೂ ಒಂದು ಲೋಟ ಕಬ್ಬಿನ ಹಾಲು, ಬಿಸಿ ಬೆಲ್ಲದ ಒಂದು ತುಣುಕು ಉಂಟು. ಹೋದ ಮಾಗಿಯಲ್ಲಿ ಮದ್ದೂರಿನ ಕಡೆಯ ಒಂದು ಆಲೆಮನೆಯ ಮುಂದೆ ನಿಂತಿದ್ದೆ. ಯಜಮಾನರು ಎರಡನೆಯ ಲೋಟವನ್ನು ಕೈಗಿಡುತ್ತ, ‘ಕುಡೀರಿ ಮೇಷ್ಟ್ರೆ, ದುಡ್ಡೇನ್ ಬ್ಯಾಡ. ಪರೀಕ್ಸೇಲಿ ನಮ್ ಐಕ್ಳಿಗೆ ಎಲ್ಡು ಮಾರ್ಕು ಜಾಸ್ತಿ ಆಕ್ಬುಡಿ’ ಎಂದರು. ಉರಿ ಹಾಕುತ್ತಿದ್ದವನಿಂದ ಹಿಡಿದು ಎಲ್ಲರೂ ನಕ್ಕರು. ನಾನು, ‘ಲೋಟಕ್ಕೆ ಒಂದೇ ಮಾರ್ಕು’ ಎಂದೆ. ಮತ್ತೂ ನಕ್ಕರು. ಅವರು ಮಾರ್ಕು ಕೇಳಲಿಲ್ಲ, ನಾನು ಕೊಡುವವನೂ ಅಲ್ಲ. ಆದರೂ ಕೊಡುಕೊಳ್ಳುವ ಲೆಕ್ಕವೊಂದು ಅಲ್ಲಿ ತೆರೆಯಿತು, ನಗೆಯಲ್ಲೇ ಸಂದಾಯವಾಯಿತು.

ಅವರೆಯ ಕಾಲದ ಇರುಳೂ ಹೀಗೆಯೆ. ನೆನೆಹಾಕಿದ ಕಾಳನ್ನು ಹಿದುಕಿ ಬೇಳೆ ತೆಗೆಯುವುದು ಒಬ್ಬರಿಂದ ಸಾಗುವ ಕೆಲಸವಲ್ಲ. ನೆರೆಯ ಹೆಂಗಸರು ಬಂದು ಮೊರದ ಸುತ್ತ ಕೂರುತ್ತಾರೆ. ‘ಏನಕ್ಕ, ನಿಮ್ಮನೆ ಅವರೇಲಿ ಕಾಳಿಗಿಂತ ಹುಳಾನೇ ಜಾಸ್ತಿ’ ಎಂದು ಒಬ್ಬಾಕೆ. ‘ಅವೂ ನೆರೆಹೊರೆಯೇ ಕಣವ್ವ, ತಿನ್ಲಿ ಬುಡು’ ಎಂದು ಮನೆಯಾಕೆ. ನಾಳೆ ಅವರ ಮನೆಯಲ್ಲಿ ಈಕೆ ಹಿದುಕಬೇಕು. ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಹುಡುಗಿಯ ತಟ್ಟೆಯನ್ನು ಬರಿದಾಗಿ ಹಿಂತಿರುಗಿಸುವಂತಿಲ್ಲ.

ಇದಕ್ಕೆ ಕನ್ನಡದಲ್ಲಿ ಒಂದು ಮಾತಿದೆ: ಮುಯ್ಯಿ. ಕೃತಜ್ಞತೆ, ಧನ್ಯವಾದ, ಅಭಾರ ಇವೆಲ್ಲ ಪುಸ್ತಕದಿಂದ ಇಳಿದು ಬಂದ ಮಾತುಗಳು. ನೆರೆಮನೆಯಾಕೆ ಒಂದು ಬಟ್ಟಲು ಸಾರು ಕೊಟ್ಟಾಗ ‘ಧನ್ಯವಾದಗಳು’ ಎಂದರೆ ಆಕೆಗೆ ಗಾಬರಿಯಾದೀತು. ಮುಯ್ಯಿ ಹಾಗಲ್ಲ. ಮದುವೆಯಲ್ಲಿ ಮಾಡುವ ಉಡುಗೊರೆಯೂ ಮುಯ್ಯಿ. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂದು ದುಡಿಯುವುದು ಮುಯ್ಯಾಳು. ಹಗೆ ತೀರಿಸಿಕೊಳ್ಳುವುದೂ ಮುಯ್ಯಿ ತೀರಿಸಿಕೊಳ್ಳುವುದೇ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಹಿಂತಿರುಗಿ ಬರುವುದು ಇದರ ಗುಣ. ನಮ್ಮ ಹಳ್ಳಿಯ ಹಾಸ್ಯ ಈ ಮುಯ್ಯಿಯ ಜಾತಿಗೆ ಸೇರಿದ್ದು. ಒಬ್ಬ ಚುಚ್ಚಿದರೆ ಇನ್ನೊಬ್ಬ ಚುಚ್ಚಲೇಬೇಕು. ಸುಮ್ಮನಿದ್ದರೆ ಅದು ಅವಮಾನ. ಹಾಗಾಗಿ ನಮ್ಮ ಹಾಸ್ಯಬರಹವನ್ನು ಅಳೆಯಲು ನಾನು ಕೇಳುವ ಪ್ರಶ್ನೆ ಇದು: ಅದರಲ್ಲಿ ಮುಯ್ಯಿ ಇದೆಯೆ? ನಗೆಗೆ ಗುರಿಯಾದವನಿಗೆ ಹಿಂತಿರುಗಿ ನಗುವ ಸರದಿ ಉಂಟೆ?

ಈ ದೃಷ್ಟಿಯಿಂದ ನಮ್ಮ ಹಿರಿಯರಿಬ್ಬರನ್ನು ನೋಡಬಹುದು. ಎ.ಎನ್. ಮೂರ್ತಿರಾಯರು 1900ರಲ್ಲಿ ಇದೇ ಮಂಡ್ಯ ಜಿಲ್ಲೆಗೆ ಸೇರಿದ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದವರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹಾಸನ ಜಿಲ್ಲೆಯ ಗೊರೂರಿನವರು. ಎರಡು ಊರೂ ಹೇಮಾವತಿಯ ದಡದಲ್ಲಿವೆ. ಆ ಹೊಳೆ ಕನ್ನಂಬಾಡಿಯ ಹಿನ್ನೀರನ್ನು ಸೇರಿ ನಮ್ಮ ಕಬ್ಬಿಗೂ ಬರುತ್ತದಾದ್ದರಿಂದ, ಮಂಡ್ಯದ ಬೆಲ್ಲದಲ್ಲಿ ಈ ಇಬ್ಬರ ಹಾಸ್ಯದ ಪಾಲೂ ಇದೆಯೆಂದು ತರಗತಿಯಲ್ಲಿ ಹೇಳುವುದುಂಟು. (ಹೇಮಾವತಿಯಲ್ಲಿರುವುದು ಹೇಮ, ಹಿಮವಲ್ಲ ಎಂಬುದನ್ನೂ ವಿದ್ಯಾರ್ಥಿಗಳಿಗೆ ನೆನಪಿಸಬೇಕಾಗುತ್ತದೆ.) 1937ರ ‘ಹಗಲುಗನಸುಗಳು’ ಮೊದಲ್ಗೊಂಡು ಮೂರ್ತಿರಾಯರ ಪ್ರಬಂಧಗಳಲ್ಲಿ ನಗೆಗೆ ಮೊದಲು ಈಡಾಗುವವರು ಮೂರ್ತಿರಾಯರೇ. ಓದುಗ ಅವರನ್ನು ನೋಡಿ ನಗುತ್ತ ನಗುತ್ತ ತನ್ನನ್ನೇ ಗುರುತಿಸಿಕೊಳ್ಳುತ್ತಾನೆ. ಅಲ್ಲಿಗೆ ಲೆಕ್ಕ ಸರಿಹೋಯಿತು. ಇಂಗ್ಲಿಷ್ ಪ್ರಬಂಧವನ್ನು ಪಾಠ ಹೇಳಿದವರು ಅವರು, ಲ್ಯಾಂಬನನ್ನು ಬಲ್ಲವರು. ಆದರೂ ಲ್ಯಾಂಬನ ಲಂಡನ್ನನ್ನು ಅಕ್ಕಿಹೆಬ್ಬಾಳಿಗೆ ಎಳೆದುತರಲಿಲ್ಲ. ಗೊರೂರರದು ಬೇರೆ ಬಗೆ. ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಪುಸ್ತಕಗಳಲ್ಲಿ ಇಡೀ ಊರೇ ಮಾತಾಡುತ್ತದೆ. ಅವರು ಊರವರನ್ನು ನೋಡಿ ನಗುವಷ್ಟೇ ಊರವರೂ ಅಯ್ಯಂಗಾರ್ಯರನ್ನು ನೋಡಿ ನಗುತ್ತಾರೆ. ಇಬ್ಬರೂ ಇಳಿವಯಸ್ಸಿನಲ್ಲಿ, ನಿಜವಾದ ಹಿಮ ಬೀಳುವ ಅಮೆರಿಕಕ್ಕೆ ಹೋಗಿ ಬಂದು ಪುಸ್ತಕ ಬರೆದರು. ‘ಅಪರವಯಸ್ಕನ ಅಮೆರಿಕಾ ಯಾತ್ರೆ’ಯನ್ನಾಗಲಿ, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ‘ಅಮೆರಿಕಾದಲ್ಲಿ ಗೊರೂರು’ವನ್ನಾಗಲಿ ತೆರೆದರೆ, ದೇಶ ಬದಲಾಯಿತೆಂದು ಕಣ್ಣು ಬದಲಾಗಿಲ್ಲ. ಹೊಸಬರಿಗೆ ಇವರು ಕಲಿಸಬಹುದಾದ ಪಾಠ ಇದೇ.

ಕಾವ್ಯದಲ್ಲಿ ಈ ನೆರೆಹೊರೆತನದ ಕವಿಯೆಂದರೆ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು. 1942ರ ‘ಮೈಸೂರು ಮಲ್ಲಿಗೆ’ ದಾಂಪತ್ಯದ ಕಾವ್ಯವೆಂದು ಪ್ರಸಿದ್ಧ. ಅದು ಬಾಗಿಲುಗಳ ಕಾವ್ಯವೂ ಹೌದು. ಬಳೆಗಾರ ಚೆನ್ನಯ್ಯ ನೆನಪಿರಬಹುದು. ಹೆಂಡತಿಯ ತವರಿನ ಸುದ್ದಿಯನ್ನು ಹೊತ್ತು ಬಂದಿದ್ದಾನೆ, ಗಂಡನನ್ನು ಛೇಡಿಸಲೂ ಬಲ್ಲ. ಆದರೆ ಮೊದಲು ಹೊಸಿಲ ಹೊರಗೆ ನಿಂತು ಒಳಬರಲು ಅಪ್ಪಣೆ ಕೇಳುತ್ತಾನೆ. ಕವಿ ಅವನನ್ನು ಅಕ್ಕರೆಯಿಂದ ಕಂಡಿದ್ದಾರೆ, ಅವನ ಹಾಸ್ಯಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ. ಆ ಕವನವನ್ನು ಎಷ್ಟು ಸಲ ಪಾಠ ಮಾಡಿದರೂ ನನಗೆ ಸಾಕೆನಿಸಿಲ್ಲ. ಆದರೆ ಅವನ ಸ್ವಂತ ಮನೆಯ ಬಾಗಿಲು ಎಲ್ಲಿದೆ, ಅಲ್ಲಿ ಅಪ್ಪಣೆ ಕೇಳುವವರು ಯಾರು ಎಂಬುದು ಮೈಸೂರು ಮಲ್ಲಿಗೆಯ ಆವರಣದಲ್ಲಿ ಏಳುವ ಪ್ರಶ್ನೆಯಲ್ಲ.

ಮುಯ್ಯಿಯನ್ನು ಇಷ್ಟು ಹೊಗಳಿದ ಮೇಲೆ ಅದರ ಗಡಿಯನ್ನೂ ಹೇಳಬೇಕು. ಮುಯ್ಯಿ ನಡೆಯುವುದು ಸರೀಕರಲ್ಲಿ. ನಿನ್ನ ಎತ್ತಿಗೆ ನನ್ನ ಎತ್ತು ಎನ್ನಬೇಕಾದರೆ ಇಬ್ಬರಿಗೂ ಎತ್ತಿರಬೇಕು. ಕಣದ ಕಾಲಕ್ಕೆ ಆಯಗಾರರಿಗೆ ಹಡದೆಯ ಕಾಳು ಅಳೆದು ಕೊಡುತ್ತಿದ್ದರು, ಅದು ಮುಯ್ಯಿಯಾಗಿರಲಿಲ್ಲ. ಊರಾಚೆಯ ಕೇರಿಯವರಿಗೆ ಹಬ್ಬದಲ್ಲಿ ಎತ್ತಿ ಹಾಕಿದ್ದು ಮುಯ್ಯಿಯಾಗಿರಲಿಲ್ಲ. ಅವರು ತಿರುಗಿ ಕೊಟ್ಟರೆ ತೆಗೆದುಕೊಳ್ಳುವವರಿರಲಿಲ್ಲ. ಅವರ ಮನೆಯ ಎಳ್ಳು ಬೆಲ್ಲಕ್ಕೆ ಊರಿನೊಳಗೆ ತಟ್ಟೆಯಿರಲಿಲ್ಲ. ಅವರನ್ನು ಕಂಡು ಊರವರು ಆಡಿದ ಹಾಸ್ಯಕ್ಕೂ ಮರುಮಾತಿನ ಸರದಿ ಇರಲಿಲ್ಲ. ಕಣದ ಬೆಂಕಿಯ ಸುತ್ತ ಕೂತವರ ಹಿಂದೆ ನಿಂತವರಿದ್ದರೆಂಬುದನ್ನು ಮರೆತು ‘ಆ ಕಾಲದ ಸೌಹಾರ್ದ’ವನ್ನು ಸ್ಮರಿಸಿಕೊಳ್ಳುವ ಪ್ರಬಂಧ, ಎಷ್ಟೇ ಸೊಗಸಾಗಿದ್ದರೂ, ಅರ್ಧ ಊರಿನ ಪ್ರಬಂಧ. ಗೊರೂರರಿಗೆ ಆ ಅರಿವು ಇತ್ತು, ಗಾಂಧಿಯವರ ಹಾದಿ ಹಿಡಿದವರು ಅವರು. ಆದರೂ ಅವರ ಹಾಸ್ಯ ಬೆಂಕಿಯ ಈ ಬದಿಗೆ ಕೂತವರ ಹಾಸ್ಯವೆಂದೇ ನನ್ನ ತೀರ್ಮಾನ.

ಆ ಬದಿಯ ದನಿ ಎಲ್ಲಿದೆ? ಅದನ್ನು ಕೇಳಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ, ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದವರೆಗೆ ಹೋದರೆ ಸಾಕು. ಅದು ಮಂಟೇಸ್ವಾಮಿಯ ಪೀಠ. 12ನೆಯ ಶತಮಾನದ ಕಲ್ಯಾಣಕ್ಕೆ ಮಂಟೇಸ್ವಾಮಿ ಹೇಸಿಗೆ ಹುಟ್ಟಿಸುವ ವೇಷದಲ್ಲಿ ಬಂದು, ಬಾಗಿಲಲ್ಲಿ ತಡೆಯಲ್ಪಟ್ಟು, ತಿಪ್ಪೆಯಲ್ಲಿ ಬಿದ್ದುಕೊಂಡು, ಶರಣರ ಶರಣತನವನ್ನೇ ಒರೆಗೆ ಹಚ್ಚುವ ಕತೆಯನ್ನು ನೀಲಗಾರರು ತಂಬೂರಿ ಹಿಡಿದು ಇರುಳಿಡೀ ಹಾಡುತ್ತಾರೆ. ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆ ಮಹಾಕಾವ್ಯವನ್ನು ಪ್ರಕಟಿಸಿದೆ. ವಿಮರ್ಶಕರು ಅದರ ತತ್ತ್ವವನ್ನು ಬೇಕಾದಷ್ಟು ಚರ್ಚಿಸಿದ್ದಾರೆ. ಅದರ ಹಾಸ್ಯವನ್ನು ಕುರಿತು ಬರೆದದ್ದು ಸಾಲದು. ಬಾಗಿಲಲ್ಲಿ ನಿಂತು ಅಪ್ಪಣೆ ಕೇಳುವ ವಿನಯ ಅಲ್ಲಿಲ್ಲ. ಹೊರಗೆ ನಿಲ್ಲಿಸಿದವರನ್ನು ನೋಡಿ ತಿಪ್ಪೆಯ ಮೇಲಿನಿಂದ ನಗುವ ನಗೆ ಅದು. ಒರಟು ನಗೆ, ನಮ್ಮ ಲಲಿತ ಪ್ರಬಂಧದ ಕಿವಿಗೆ ಸ್ವಲ್ಪ ಕಾದ ನಗೆ. ಶತಮಾನಗಳಿಂದ ಬಾಕಿಯಿದ್ದ ಮುಯ್ಯಿಯನ್ನು ಅದು ತೀರಿಸುತ್ತದೆ.

ಈ ಪರಂಪರೆಗೆ ಮಾಗಿಯಲ್ಲೇ ಬೀಳುವ ಒಂದು ಜಾತ್ರೆಯೂ ಇದೆ. ಜನವರಿಯ ಬನದ ಹುಣ್ಣಿಮೆಗೆ, ಈಗಿನ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ, ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯ ಹೆಸರಿನಲ್ಲಿ ಐದು ದಿನ ನಡೆಯುತ್ತದೆ. ಬೊಪ್ಪೇಗೌಡನಪುರದ ಮಠದವರು ಹೋಗಿ ಮೊದಲ ಇರುಳು ‘ಚಂದ್ರಮಂಡಲ’ಕ್ಕೆ ಬೆಂಕಿ ಮುಟ್ಟಿಸುತ್ತಾರೆ. ಅದು ಯಾವ ದಿಕ್ಕಿಗೆ ವಾಲಿ ಉರಿಯಿತೋ ಆ ದಿಕ್ಕಿಗೆ ಮಳೆಬೆಳೆ ಚೆನ್ನೆಂದು ಜನ ಲೆಕ್ಕ ಹಾಕುತ್ತಾರೆ. ಆಮೇಲೆ ಪಂಕ್ತಿಸೇವೆ. ಯಾವ ಜಾತಿಯೆಂದು ಕೇಳದೆ ಒಂದೇ ಸಾಲಿನಲ್ಲಿ ಕೂತು ಉಣ್ಣುವುದೇ ಅದರ ನೇಮ. ಬಯಲಿನ ಚಳಿಯಲ್ಲಿ, ಬೆಂಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ಕೂತವನು ಯಾರೆಂದು ತಿಳಿಯದೆ ಅವನ ಎಲೆಗೆ ಬಡಿಸುವ ಆ ಸಾಲನ್ನು ಕುರಿತು ನಮ್ಮ ಪುರವಣಿಗಳಲ್ಲಿ ಒಂದು ಒಳ್ಳೆಯ ಲಲಿತ ಪ್ರಬಂಧವನ್ನು ನಾನು ಈವರೆಗೆ ಓದಿಲ್ಲ. ಹಿಮ ಬಿದ್ದದ್ದನ್ನು ಓದಿದ್ದೇನೆ.

ಹೊಸ ಕನ್ನಡದಲ್ಲಿ ಈ ದನಿಗೆ ಸಂದ ಬಲು ದೊಡ್ಡ ಕೃತಿ ದೇವನೂರ ಮಹಾದೇವರ ‘ಒಡಲಾಳ’. 1970ರ ದಶಕದ ಕೊನೆಯ ಹೊತ್ತಿಗೆ ಬಂದ ಈ ನೀಳ್ಗತೆಯಲ್ಲಿ ಸಾಕವ್ವ ತನ್ನ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ಮನೆಯೊಳಕ್ಕೆ ಕದ್ದ ಕಡಲೆಕಾಯಿ ಬರುತ್ತದೆ. ಸಂಸಾರವೆಲ್ಲ ಕೂತು ಆ ಇರುಳು ಅದನ್ನು ತಿನ್ನುತ್ತದೆ. ಬೆಳಗಾದರೆ ಪೋಲೀಸರು. ಬಡತನದ ಕತೆಗಳು ಕನ್ನಡದಲ್ಲಿ ಅದಕ್ಕೆ ಮೊದಲೂ ಬೇಕಾದಷ್ಟಿದ್ದವು. ಆದರೆ ಹಸಿದ ಮನೆಯೊಂದು ಒಂದು ರಾತ್ರಿ ಹೊಟ್ಟೆ ತುಂಬ ತಿಂದು, ಒಬ್ಬರನ್ನೊಬ್ಬರು ಅಣಕಿಸಿ, ಜಗಳವಾಡಿ, ನಗುವ ಆ ಇರುಳಿನಂತಹುದು ಇರಲಿಲ್ಲ. ವಿಟ್ಟಿಯರನ ಒಲೆಯ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಅಲ್ಲಿ ಸೇಬು, ಮದ್ಯ, ಕತೆ; ಇಲ್ಲಿ ಕಡಲೆಕಾಯಿ, ಬೈಗುಳ, ಕತೆ. ಅಲ್ಲಿ ಹೊರಗಿನಿಂದ ಬಾಗಿಲಿಗೆ ಬರುವವನು ದಾರಿ ಬಿಡಿಸುವ ನೆರೆಯವನು. ಇಲ್ಲಿ ಬರುವುದು ಪೋಲೀಸು. ಉಪಕಾರಸ್ಮರಣೆ ಯಾರಿಗೆ ಮಾಡಬೇಕು ಈ ಮನೆಯವರು? ಕಡಲೆಕಾಯಿ ಬೆಳೆದ ಸಾಹುಕಾರನಿಗೆ ಮಾಡುವ ಪ್ರಶ್ನೆ ಅವರಿಗೆ ಬರುವುದೇ ಇಲ್ಲ. ಆ ಬೆಳೆಗೆ ದುಡಿದ ಕೈಗಳ ಬಾಕಿ ಒಂದು ಚೀಲಕ್ಕಿಂತ ದೊಡ್ಡದಿತ್ತೆಂದು ಓದುಗನೇ ಲೆಕ್ಕ ಮಾಡಿಕೊಳ್ಳುತ್ತಾನೆ.

ನಮ್ಮ ಜಿಲ್ಲೆಯ ಇನ್ನೊಬ್ಬ ಲೇಖಕರನ್ನು ಇಲ್ಲಿ ನೆನೆಯಲೇಬೇಕು. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣನವರು ವೃತ್ತಿಯಿಂದ ವೈದ್ಯರು. ವಿಟ್ಟಿಯರನ ಕವನದ ವೈದ್ಯ ರೋಗಿಗಾಗಿ ನೆರೆಯವರ ಬಾಗಿಲು ತಟ್ಟಿದ. ನಮ್ಮ ವೈದ್ಯರು ರೋಗಿಗಳ ಮಾತನ್ನೇ ತಂದು ಕನ್ನಡದ ಬಾಗಿಲು ತಟ್ಟಿದರು. ಗಾಂಧಿ ಎಂದು ಹೆಸರಿಟ್ಟುಕೊಂಡ ಹಳ್ಳಿಯ ಹುಡುಗನೊಬ್ಬ ಆಸ್ಪತ್ರೆಗೆ ಬರುವ ಅವರ ‘ಗಾಂಧಿ’ ಕತೆಯನ್ನು ತರಗತಿಯಲ್ಲಿ ಓದಿದರೆ, ಮಂಡ್ಯದ ಆಡುಮಾತು ಕೇಳಿ ಹುಡುಗರು ಮೊದಲು ನಗುತ್ತಾರೆ. ತಮ್ಮ ಮನೆಯ ಮಾತು ಅಚ್ಚಿನಲ್ಲಿ ಕಂಡ ಸಂತೋಷ ಅದು. ಎರಡು ಪುಟ ಕಳೆಯುವಷ್ಟರಲ್ಲಿ ತರಗತಿ ಮೌನವಾಗುತ್ತದೆ. ರಾಮಣ್ಣನವರಲ್ಲಿ ಕೆಲವೆಡೆ ಕೋಪ ಕಲೆಯನ್ನು ಮೀರಿದೆ, ಭಾಷಣ ಕತೆಯೊಳಗೆ ನುಗ್ಗಿದೆ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಅವರ ಜನ ಉಪಕಾರ ಪಡೆಯಲು ಕೈಯೊಡ್ಡಿ ನಿಂತಾಗಲೂ ನಾಲಗೆ ಕಳೆದುಕೊಳ್ಳುವುದಿಲ್ಲ. ಮಂಡ್ಯದ ಹಾಸ್ಯ ನನಗೆ ಗೊತ್ತಿರುವುದು ಆ ನಾಲಗೆಯಲ್ಲಿ.

ಹೊಸ ಪ್ರಬಂಧಕಾರರಿಗೆ ಸಾಮಗ್ರಿ ಇಲ್ಲವೆನ್ನಲು ಕಾರಣವಿಲ್ಲ. ಆಲೆಮನೆಯಲ್ಲೇ ಎಷ್ಟು ಬೇಕಾದರೂ ಇದೆ. ಕಬ್ಬು ಕಡಿಯಲು ಬಳ್ಳಾರಿ ಸೀಮೆಯಿಂದ ಬಂದು ಗದ್ದೆಯ ಬದಿಯಲ್ಲಿ ಗುಡಾರ ಹಾಕಿಕೊಳ್ಳುವ ಕುಟುಂಬಗಳಿವೆ. ಅವರ ಮಕ್ಕಳೂ ಮಾಗಿಯ ಮಂಜಿನಲ್ಲಿ ಬೆಂಕಿ ಕಾಯಿಸುತ್ತವೆ. ಊರಿನ ಮಕ್ಕಳು ಎಳ್ಳು ಬೀರುವಾಗ ಗುಡಾರದ ತನಕ ಹೋಗುತ್ತಾರೋ ಇಲ್ಲವೋ, ಹೋದರೆ ಏನು ಮಾತಾಡುತ್ತಾರೆ, ಯಾರು ಯಾರ ಕನ್ನಡ ಕೇಳಿ ನಗುತ್ತಾರೆ ಎಂದು ಒಮ್ಮೆ ಹೋಗಿ ನೋಡಬಹುದು.

ಮಳವಳ್ಳಿಯ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಹೋದ ವರ್ಷದ ಪರೀಕ್ಷೆಯಲ್ಲಿ ‘ಚಳಿಗಾಲದ ಒಂದು ಮುಂಜಾವು’ ಎಂಬ ಪ್ರಬಂಧಕ್ಕೆ ತನ್ನ ತಾಯಿಯನ್ನು ಕುರಿತು ಬರೆದಿದ್ದಳು. ತಾಯಿ ಆಲೆಮನೆಯಲ್ಲಿ ಒಲೆಗೆ ಸಿಪ್ಪೆ ಹಾಕುವ ಕೂಲಿ. ನಸುಕಿನಲ್ಲಿ ಉರಿಯ ಮುಂದೆ ನಿಂತರೆ ಮುಂದಿನಿಂದ ಮೈ ಸುಡುತ್ತದೆ, ಹಿಂದಿನಿಂದ ನಡುಗುತ್ತದೆ. ‘ನಮ್ಮವ್ವನ್ ಮುಂದ್ಗಡೆ ಬ್ಯಾಸ್ಗೆ, ಬೆನ್ನಲ್ಲಿ ಮಾಗಿ’ ಎಂದು ಅಲ್ಲಿಯ ಗಂಡಸರು ತಮಾಷೆ ಮಾಡುತ್ತಾರಂತೆ. ಆಕೆ, ‘ಬನ್ನಿ, ಅತ್ಲಾಗೊಂದ್ ಗಳಿಗೆ ನೀವೂ ಎಲ್ಡು ಕಾಲ ನೋಡ್ಕಳಿ’ ಎಂದು ಕೊಡತಿಯಂಥ ಉತ್ತರ ಕೊಡುತ್ತಾಳಂತೆ. ಕೆಲಸ ಮುಗಿದಾಗ ಯಜಮಾನ ಒಂದು ಅಚ್ಚು ಬೆಲ್ಲ ಕೊಡುತ್ತಾನೆ. ತಾಯಿ ಅದನ್ನು ತಂದು ಅರ್ಧವನ್ನು ಮುರಿದು ಪಕ್ಕದ ಮನೆಗೆ ಕಳಿಸುತ್ತಾಳೆ. ಹೋದ ತಿಂಗಳು ಅವರ ಮನೆಯಿಂದ ಎರಡು ಪಾವು ರಾಗಿ ಹಿಟ್ಟು ಬಂದಿತ್ತು. ಬೆಲ್ಲ ಕೊಟ್ಟು ಬರಲು ಹೋದವಳು ತಾನೇ ಎಂದೂ, ಆ ಮನೆಯಜ್ಜಿ ಬೆಲ್ಲವನ್ನು ನೆಕ್ಕಿ ನೋಡಿ ‘ಪಾಕ ಸೀದದೆ, ನಿಮ್ಮವ್ವ ಉರಿ ಜಾಸ್ತಿ ಆಕವ್ಳೆ’ ಎಂದು ತೆಗೆದಿಟ್ಟುಕೊಂಡಳೆಂದೂ ಬರೆದು ಪ್ರಬಂಧವನ್ನು ಅಲ್ಲಿಗೇ ನಿಲ್ಲಿಸಿದ್ದಳು. ಹಿಮವೆಂಬ ಪದ ಎಲ್ಲಿಯೂ ಇರಲಿಲ್ಲ. ಕಾಗುಣಿತದ ತಪ್ಪು ಐದಾರು ಇದ್ದವು; ಅಂಕ ಕಳೆಯಲಿಲ್ಲ.